ಅಂಗಳದ ಕಾಂಕ್ರೀಟ್: ಕಲಸುವಾಗ ನೀರು ಕಮ್ಮಿ, ಹಾಸಿದ ಮೇಲೆ ಜಾಸ್ತಿ

ರಾಯಚೂರು, ಕಲಬುರಗಿ, ಯಾದಗಿರಿ ಕಡೆಯ ಹೊಸ ಬಡಾವಣೆಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿ ಎರಡು ಬೇಸಿಗೆ ಕಳೆದಿರುವುದಿಲ್ಲ, ಆಗಲೇ ಮೂಲೆಯಿಂದ ಮೂಲೆಗೆ ಬಿರುಕು, ಗುಡಿಸಿದಷ್ಟೂ ಏಳುವ ಬಿಳಿ ದೂಳು, ಗೋಡೆ ಪಕ್ಕದಲ್ಲಿ ಚೇಳು ಮನೆ ಮಾಡುವಷ್ಟು ಸಂದು. ಕೇಳಿದರೆ ‘ನಮ್ಮ ಕಡೆ ಬಿಸಿಲು ಹಂಗೈತಿ, ಏನ್ ಮಾಡೂದು’ ಅನ್ನುತ್ತಾರೆ. ಇಲ್ಲವೇ ಸಿಮೆಂಟಿನವರನ್ನು ಬೈಯುತ್ತಾರೆ. ಬಿಸಿಲಿನ ಪಾಲು ಇಲ್ಲವೆಂದಲ್ಲ. ಆದರೆ ನಾನು ನೋಡಿದ ಕೆಟ್ಟ ಅಂಗಳಗಳಲ್ಲಿ ಬಹುಪಾಲು ಕೆಟ್ಟಿದ್ದು ನೀರಿನಿಂದ. ಮಾಲು ಕಲಸುವಾಗ ಬೇಡದಷ್ಟು ಸುರಿದಿರುತ್ತಾರೆ, ಹಾಸಿದ ಮೇಲೆ ಬೇಕಾದಷ್ಟು ಕೊಟ್ಟಿರುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಂಜೆ ನಾಲ್ಕು ಜನ ಕೂತು ಚಹಾ ಕುಡಿಯಲು ಜಾಗ ಬೇಕು ಅಷ್ಟೇ ಅಂದರೆ ಕಾಂಕ್ರೀಟಿನ ಗೊಡವೆಯೇ ಬೇಡ. ಶಹಾಬಾದ್ ಫರಶಿ ಹಾಸಿಸಿ. ಒಂದು ಕಲ್ಲು ಒಡೆದರೆ ಒಂದನ್ನೇ ಬದಲಿಸಬಹುದು. ಬೈಕು ನಿಲ್ಲಿಸಬೇಕು, ಮೆಣಸಿನಕಾಯಿ, ಹಪ್ಪಳ ಒಣಹಾಕಬೇಕು, ಸಂದುಗಳಲ್ಲಿ ಹುಲ್ಲು ಏಳಬಾರದು ಅನ್ನುವವರು ಮುಂದೆ ಓದಿ. ಲೆಕ್ಕಕ್ಕೆ 20 ಅಡಿ ಉದ್ದ, 10 ಅಡಿ ಅಗಲ, 4 ಇಂಚು ದಪ್ಪದ ಅಂಗಳ ಇಟ್ಟುಕೊಳ್ಳೋಣ.

ಯಾವಾಗ

ನವೆಂಬರ್‌ನಿಂದ ಫೆಬ್ರುವರಿ. ಮನೆ ಪ್ರವೇಶದ ಮುಹೂರ್ತ ಬೇಸಿಗೆಯಲ್ಲೇ ಬಂದು ಬೇರೆ ದಾರಿ ಇಲ್ಲದಿದ್ದರೆ ಸಂಜೆ ಐದೂವರೆಯ ನಂತರ ಶುರು ಮಾಡಿ ರಾತ್ರಿ ದೀಪ ಹಾಕಿಕೊಂಡು ಮುಗಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಗೌಂಡಿಗಳು ಮಾತ್ರ ಹತ್ತಕ್ಕೆ ಬಂದು, ಹನ್ನೊಂದಕ್ಕೆ ಮಾಲು ಕಲಸಿ, ನೆತ್ತಿ ಸುಡುವ ಹೊತ್ತಿಗೆ ಹಾಸುತ್ತಾರೆ. ಸಿಮೆಂಟು ನೀರಿಗೆ ಬಿದ್ದೊಡನೆ ತಾನೂ ಬಿಸಿಯಾಗುತ್ತದೆ. ಮೇಲಿನ ಬಿಸಿಲು, ಒಳಗಿನ ಕಾವು ಒಂದೇ ಹೊತ್ತಿಗೆ ಸೇರುವುದು ಆಗಲೇ. ರಾತ್ರಿ ಕೆಲಸಕ್ಕೆ ಕೂಲಿ ಹೆಚ್ಚು ಕೇಳಿದರೆ ಕೊಟ್ಟುಬಿಡಿ.

ನೆಲ

ಎರೆ ಭೂಮಿಯ ಮೇಲೆ ನೇರವಾಗಿ ಕಾಂಕ್ರೀಟ್ ಹಾಸುವುದು ದುಡ್ಡು ನೀರಿಗೆ ಹಾಕಿದಂತೆ. ಮಳೆಗಾಲದಲ್ಲಿ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಮೇಲಿರುವ 4 ಇಂಚಿನ ಹಾಸು ಅದನ್ನು ತಡೆದು ನಿಲ್ಲಿಸಲಾರದು. ಒಂದೂವರೆಯಿಂದ ಎರಡು ಅಡಿ ಎರೆ ತೆಗೆಸಿ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ತುಂಬಿಸಿ. ಒಮ್ಮೆಗೇ ಟ್ರಾಲಿ ಸುರಿದು ಮೇಲೆ ದಮ್ಮಸು ಹೊಡೆದರೆ ಗಟ್ಟಿಯಾಗುವುದು ಮೇಲಿನ ಪದರ ಮಾತ್ರ. 6 ಇಂಚಿಗೊಮ್ಮೆ ನೀರು ಚಿಮುಕಿಸಿ ಹೊಡೆಯಬೇಕು. ಹಿಮ್ಮಡಿ ಊರಿ ತಿರುಗಿಸಿದರೆ ಗುರುತು ಬೀಳಬಾರದು. ಅಡಿಯಲ್ಲಿ ಇನ್ನೂ ಎರೆಯೇ ಇರುವುದರಿಂದ ಛಾವಣಿಯ ನೀರಿನ ಪೈಪು, ಬಾಳೆ ಗಿಡದ ಪಾತಿ ಅಂಗಳದ ಅಂಚಿಗೆ ಬೇಡ. ಕೆಂಪು ಮಸಾರಿ ನೆಲದವರು ಪುಣ್ಯವಂತರು, ಅವರಿಗೆ 6 ಇಂಚು ಗರಸು ಸಾಕು.

ಅಚ್ಚು, ಇಳಿಜಾರು, ಭಾಗ

ಮನೆಯಿಂದ ಹೊರಕ್ಕೆ ಅಡಿಗೆ ಕಾಲು ಇಂಚು ಇಳಿಜಾರು. 10 ಅಡಿಗೆ ಎರಡೂವರೆ ಇಂಚು. ಲೆವೆಲ್ ಪೈಪು ಹಿಡಿದು ದಾರ ಕಟ್ಟಿ, ದಾರಕ್ಕೆ ಸರಿಯಾಗಿ ಹಲಗೆ ನಿಲ್ಲಿಸಿ.

ಇಡೀ ಅಂಗಳವನ್ನು ಒಂದೇ ಹಾಸು ಮಾಡಬೇಡಿ. 4 ಇಂಚು ದಪ್ಪದ ಕಾಂಕ್ರೀಟಿಗೆ 8ರಿಂದ 10 ಅಡಿಗೊಂದು ಸೀಳು ಬೇಕೇ ಬೇಕು. ನೀವು ಕೊಡದಿದ್ದರೆ ಅದು ತನಗೆ ಬೇಕಾದ ಕಡೆ ತಾನೇ ಸೀಳಿಕೊಳ್ಳುತ್ತದೆ. 20 ಅಡಿಯನ್ನು 6 ಅಡಿ 8 ಇಂಚಿನ ಮೂರು ಭಾಗ ಮಾಡಿ, ಮೊದಲ ಸಂಜೆ ಎರಡು ತುದಿಯ ಭಾಗ ಹಾಕಿ, ಮೂರು ದಿನ ಬಿಟ್ಟು ನಡುವಿನದು ತುಂಬುವುದು ನನ್ನ ಪದ್ಧತಿ. ಹಳೆಯ ಅಂಚಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿದರೆ ಎರಡೂ ಕಚ್ಚಿಕೊಳ್ಳುವುದಿಲ್ಲ, ಕಟಿಂಗ್ ಯಂತ್ರದ ಹಂಗೂ ಇಲ್ಲ. ಒಂದೇ ಸಲ ಹಾಕಿ ಆಮೇಲೆ ಯಂತ್ರದಲ್ಲಿ ಕೊಯ್ಯುತ್ತೇನೆ ಅನ್ನುವವರು ಅಂದೇ ರಾತ್ರಿ, ಬೆಳಗಾಗುವುದರೊಳಗೆ, ಒಂದು ಇಂಚು ಆಳಕ್ಕೆ ಕೊಯ್ಯಬೇಕು. ಮರುದಿನ ಊಟವಾದ ಮೇಲೆ ಯಂತ್ರದವನು ಬರುವಷ್ಟರಲ್ಲಿ ಬಿರುಕು ಬಂದು ಕೂತಿರುತ್ತದೆ.

ಮನೆಗೋಡೆಗೂ ಹಾಸಿಗೂ ನಡುವೆ ಅರ್ಧ ಇಂಚಿನ ಥರ್ಮೋಕೋಲ್ ಪಟ್ಟಿ ನಿಲ್ಲಿಸಿ. ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ ಕಾಂಕ್ರೀಟಿನ ಬಿಸಿ 30 ಡಿಗ್ರಿ ಏರಿದರೆ 20 ಅಡಿ ಉದ್ದ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಜಾಗ ಇಲ್ಲದಿದ್ದರೆ ಗೋಡೆಯ ಗಿಲಾಯಿಯನ್ನೇ (ಪ್ಲಾಸ್ಟರ್) ಎಬ್ಬಿಸುತ್ತದೆ.

ಕಬ್ಬಿಣ? ಜನ ಓಡಾಡುವ, ಬೈಕು ನಿಲ್ಲುವ ಅಂಗಳಕ್ಕೆ ಬೇಡ. ಆ ದುಡ್ಡನ್ನು ಗರಸಿಗೆ ಹಾಕಿ. ಕಬ್ಬಿಣ ಬಿರುಕನ್ನು ತಡೆಯುವುದಿಲ್ಲ, ಬಿಟ್ಟ ಬಿರುಕು ಅಗಲವಾಗದಂತೆ ಹಿಡಿಯುತ್ತದೆ ಅಷ್ಟೇ. ಅದೂ ಹಾಸಿನ ನಡುವಿಗಿಂತ ಮೇಲೆ ಇದ್ದರೆ. ಜಾಳಿಗೆಯನ್ನು ನೆಲಕ್ಕೇ ಮಲಗಿಸಿ, ‘ಹಾಕುವಾಗ ಎತ್ತಿಕೋತೀವಿ ಸಾಹೇಬ್ರ’ ಅಂದವರು ಎತ್ತಿದ್ದನ್ನು ನಾನು ನೋಡಿಲ್ಲ.

ಸಾಮಾನು

ಒಂದು ಸಿಮೆಂಟು, ಒಂದೂವರೆ ಉಸುಕು, ಮೂರು ಖಡಿ (ಜಲ್ಲಿ). ನಮ್ಮ ಅಳತೆಗೆ 15–16 ಚೀಲ ಸಿಮೆಂಟು, 28 ಘನ ಅಡಿ ಉಸುಕು, 56 ಘನ ಅಡಿ 20 ಮಿ.ಮೀ. ಖಡಿ. ಹೆಚ್ಚುಕಮ್ಮಿ ಇರಲೆಂದು ಒಂದಿಷ್ಟು ಜಾಸ್ತಿ ತರಿಸಿ.

ಅಂಗಡಿಯವರು ‘53 ಗ್ರೇಡ್ ತಗೊಳ್ಳಿ, ಭಾಳ ಗಟ್ಟಿ’ ಅನ್ನುತ್ತಾರೆ. ಅದು ಬೇಗ ಬಿಗಿದುಕೊಳ್ಳುತ್ತದೆ, ಕಾವೂ ಜಾಸ್ತಿ. ಬಿಸಿಲ ನಾಡಿನ ಅಂಗಳಕ್ಕೆ ಅವೆರಡೂ ಬೇಡದ ಗುಣ. ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟು) ಅಥವಾ ಸ್ಲ್ಯಾಗ್ ಸಿಮೆಂಟು (ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ್ದು) ತನ್ನಿ. ಚೀಲದ ಮೇಲೆ ತಯಾರಾದ ವಾರ ಅಚ್ಚಾಗಿರುತ್ತದೆ, ಮೂರು ತಿಂಗಳು ದಾಟಿದ್ದರೆ ವಾಪಸ್ ಕಳಿಸಿ.

ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸುವ ಉಸುಕು) ಹೆಸರಲ್ಲಿ ಕ್ರಷರ್ ದೂಳು ಮಾರುವವರಿದ್ದಾರೆ. ಒಂದು ಹಿಡಿ ಒದ್ದೆ ಮಾಡಿ ಹಿಂಡಿ ಬಿಡಿ. ಅಂಗೈ ತುಂಬ ಬೂದು ಕೆಸರು ಮೆತ್ತಿಕೊಂಡರೆ ಅದು ಉಸುಕಲ್ಲ. ದೂಳು ಹೆಚ್ಚಿದ್ದಷ್ಟೂ ನೀರು ಹೆಚ್ಚು ಕುಡಿಯುತ್ತದೆ, ಬಿರುಕೂ ಹೆಚ್ಚು. ಬೋರಿನ ನೀರು ಉಪ್ಪಾಗಿದ್ದರೆ ಪರೀಕ್ಷೆ ಮಾಡಿಸಿ. ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456 ಪ್ರಕಾರ ಕಬ್ಬಿಣ ಇಲ್ಲದ ಕಾಂಕ್ರೀಟಿಗೆ ಲೀಟರಿಗೆ 2000 ಮಿ.ಗ್ರಾಂ ಕ್ಲೋರೈಡ್‌ವರೆಗೆ ನಡೆಯುತ್ತದೆ, ಕಬ್ಬಿಣ ಇದ್ದರೆ 500 ಮಾತ್ರ. ‘ಬಿರುಕು ಬಿಡದ ಪುಡಿ’, ‘ವಾಟರ್‌ಪ್ರೂಫ್ ಪುಡಿ’ ಪೊಟ್ಟಣಗಳಿಗೆ ದುಡ್ಡು ಸುರಿಯಬೇಡಿ.

ಕಲಸುವುದು

50 ಕೆ.ಜಿ. ಚೀಲಕ್ಕೆ 25 ಲೀಟರ್ ನೀರು. ಉಸುಕು ಒದ್ದೆಯಿದ್ದರೆ 22–23. ಬಕೆಟ್ಟಿಗೆ ಒಳಗಡೆ ಬಣ್ಣದಲ್ಲಿ ಗೆರೆ ಎಳೆದು, ಮಿಕ್ಸರ್ ಪಕ್ಕದಲ್ಲಿ ನೀವೇ ನಿಲ್ಲಿ. ಪೈಪು ಹಿಡಿದು ಬಿಡುವವನ ಕೈಗೆ ಲೆಕ್ಕ ಇರುವುದಿಲ್ಲ. ಮಾಲು ತೆಳ್ಳಗಿದ್ದರೆ ಎಳೆಯಲು ಹಗುರ, ಆದ್ದರಿಂದ ಗೌಂಡಿ ಇನ್ನಷ್ಟು ಬಿಡು ಅನ್ನುತ್ತಲೇ ಇರುತ್ತಾನೆ. 25ರ ಬದಲು 35 ಲೀಟರ್ ಬಿದ್ದರೆ ಗಟ್ಟಿತನದ ಸುಮಾರು ಮೂರನೇ ಒಂದು ಪಾಲು ಹೋಯಿತು. ಕರಣಿಯಿಂದ ಕುಪ್ಪೆ ಮಾಡಿದರೆ ನಿಧಾನ ಕುಸಿದು ನಿಲ್ಲಬೇಕು, ಹರಿದುಹೋಗಬಾರದು. ತೀರಾ ಬಿಗಿ ಅನ್ನಿಸಿದರೆ ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಮಾಲನ್ನು ಸಡಿಲಗೊಳಿಸುವ ದ್ರಾವಣ) ಹಾಕಿ, ಡಬ್ಬಿಯ ಮೇಲೆ ಬರೆದಷ್ಟೇ. ನೀರು ಬೇಡ.

ಛಾವಣಿ ಮೇಲಿನ ಕಪ್ಪು ಟ್ಯಾಂಕಿನ ನೀರು ಸಂಜೆಗೆ ಸ್ನಾನಕ್ಕಾಗುವಷ್ಟು ಕಾದಿರುತ್ತದೆ. ನೆಲದ ತೊಟ್ಟಿಯ ನೀರು ಬಳಸಿ. ಖಡಿ ರಾಶಿಗೆ ಮಧ್ಯಾಹ್ನ ನೀರು ಚಿಮುಕಿಸಿ ತಾಡಪಾಲು ಮುಚ್ಚಿದರೆ ತಣ್ಣಗಿರುತ್ತದೆ. ಗರಸಿಗೂ ಮೊದಲೇ ನೀರು ಕುಡಿಸಿ. ಒಣ ನೆಲ ಕಾಂಕ್ರೀಟಿನ ನೀರನ್ನು ಕೆಳಗಿನಿಂದ ಹೀರುತ್ತದೆ. ಆದರೆ ಹಾಸುವ ಹೊತ್ತಿಗೆ ಎಲ್ಲೂ ನೀರು ನಿಂತಿರಬಾರದು.

ಮೊದಲ ನಾಲ್ಕು ತಾಸು

ಎಲ್ಲರೂ ಎಡವುವುದು ಇಲ್ಲೇ.

ಹಾಸಿ, ಪಟ್ಟಿ ಎಳೆದು ಸಮ ಮಾಡಿದ ಸ್ವಲ್ಪ ಹೊತ್ತಿಗೆ ಒಳಗಿನ ನೀರು ಮೇಲೆ ಬಂದು ಹಾಸು ಮಿರುಗುತ್ತದೆ. ತಂಪು ಊರಿನಲ್ಲಿ ಆ ಮಿರುಗು ತಾಸುಗಟ್ಟಲೆ ಇರುತ್ತದೆ. ನಮ್ಮ ಕಡೆ ಒಣ ಗಾಳಿ ಬೀಸಿದರೆ ಕಣ್ಣೆದುರೇ ಆರುತ್ತದೆ, ಕೆಳಗಿನ ನೀರು ಏರುವ ವೇಗಕ್ಕಿಂತ ಮೇಲಿನದು ಹಾರುವ ವೇಗ ಹೆಚ್ಚು. ಆಗ ಒಳಗೆ ಇನ್ನೂ ಮೆತ್ತಗಿರುವಾಗಲೇ ಮೇಲ್ಪದರ ಕುಗ್ಗುತ್ತದೆ. ಗೇಣುದ್ದ, ಮೊಳದುದ್ದದ ಬಿರುಕುಗಳು ಒಂದರ ಪಕ್ಕ ಒಂದು ಸಾಲಾಗಿ ಮೂಡುತ್ತವೆ. ಮೊದಲು ಕೂದಲೆಳೆಯಷ್ಟೇ ಇರುತ್ತವೆ, ಮಳೆಗಾಲದ ನೀರು ಇಳಿಯಲು ಅಷ್ಟು ಸಾಕು.

ಇದಕ್ಕೆ ಬೇಕಾದ್ದು ನೆರಳು, ಗಾಳಿಗೆ ಅಡ್ಡ, ತೇವ. ಗಾಳಿ ಬರುವ ದಿಕ್ಕಿಗೆ ಹಸಿರು ನೆರಳು ಪರದೆಯನ್ನು ಆಳೆತ್ತರ ಕಟ್ಟಿ. ಪಟ್ಟಿ ಎಳೆದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸಿ, ತಿಕ್ಕುವ ಜಾಗದಷ್ಟೇ ಸರಿಸುತ್ತಾ ಹೋಗಿ. ಹತ್ತಿ ಹೊಲಕ್ಕೆ ಔಷಧ ಹೊಡೆಯುವ ಬೆನ್ನಿನ ಪಂಪು ಇದೆಯಲ್ಲ, ಅದೇ ಇದಕ್ಕೆ ಹೇಳಿ ಮಾಡಿಸಿದ್ದು. ಹೊಸದೊಂದು ತನ್ನಿ, ಕಳೆನಾಶಕ ಹೊಡೆದದ್ದು ಬೇಡ. ನಳಿಕೆಯನ್ನು ಹಾಸಿನ ಕಡೆ ತಿರುಗಿಸದೆ, ಮೇಲಿನ ಗಾಳಿಯಲ್ಲಿ ಮಂಜಿನ ಹಾಗೆ ಹರಡಿ. ಹನಿ ಹಾಸಿನ ಮೇಲೆ ನಿಂತು ಹರಿದರೆ ಅತಿಯಾಯಿತು.

ತಿಕ್ಕುವುದು ಯಾವಾಗ? ಹಾಸಿನ ಮಿರುಗು ಹೋಗಿ ಮಂಕಾಗಬೇಕು. ಅಂಚಿನಲ್ಲಿ ನಿಧಾನ ಪಾದ ಊರಿದರೆ ಕಾಲಿಂಚು ಮಾತ್ರ ಇಳಿಯಬೇಕು. ಅದಕ್ಕೆ ಮೊದಲು ಕರಣಿ ಮುಟ್ಟಿಸಬೇಡಿ. ಮೇಲೆ ಬಂದ ನೀರನ್ನು ಕರಣಿಯಿಂದ ವಾಪಸ್ ಒಳಗೆ ಒತ್ತಿದರೆ ಮೇಲಿನ ಪದರವೊಂದೇ ಬಡವಾಗುತ್ತದೆ. ನಾಳೆ ಗುಡಿಸುವಾಗ ಏಳುವ ಬಿಳಿ ದೂಳು ಅದೇ. ಇದಕ್ಕಿಂತ ಕೆಟ್ಟದ್ದು, ಮೇಲೆ ನೀರು ಕಂಡ ಕೂಡಲೇ ಒಣ ಸಿಮೆಂಟು ಎರಚಿ ಉಜ್ಜುವ ಚಾಳಿ. ಹೊಳಪು ಬರುತ್ತದೆ, ನೋಡಿದವರು ‘ಭಾರಿ ಫಿನಿಶಿಂಗ್’ ಅನ್ನುತ್ತಾರೆ. ಕೆಲವು ತಿಂಗಳಲ್ಲಿ ಆ ಪದರದ ತುಂಬ ಸಣ್ಣ ಜಾಲದಂಥ ಗೆರೆಗಳು, ಆಮೇಲೆ ಹಪ್ಪಳೆ ಏಳುವುದು. ಗೌಂಡಿ ಸಿಮೆಂಟಿನ ಬುಟ್ಟಿ ಹಿಡಿದು ಬಂದರೆ ಬುಟ್ಟಿ ಕಸಿದುಕೊಳ್ಳಿ.

ಮೆತ್ತಗಿರುವಾಗಲೇ ಬಿರುಕು ಕಂಡರೆ ಗಾಬರಿ ಬೇಡ. ಮರದ ತಿಕ್ಕುವ ಹಲಗೆಯಿಂದ ಬಿರುಕಿನ ಎರಡೂ ಬದಿ ಬಡಿದು, ಕೂಡಿಸಿ, ಉಜ್ಜಿ. ಮೇಲೆ ಸಿಮೆಂಟಿನ ತಿಳಿ ಸುರಿದು ಮುಚ್ಚಿದರೆ ಕಣ್ಣಿಗೆ ಕಾಣದಂತಾಗುತ್ತದೆ, ಕೂಡಿಕೊಳ್ಳುವುದಿಲ್ಲ.

ಕೊನೆಗೆ ಕಡ್ಡಿ ಪೊರಕೆ ಒಂದೇ ದಿಕ್ಕಿಗೆ, ನೀರು ಹರಿದುಹೋಗುವ ಕಡೆಗೆ ಎಳೆಯಿರಿ. ಉಕ್ಕಿನ ಕರಣಿಯ ನುಣುಪು ಮಳೆಯಲ್ಲಿ ಮುದುಕರನ್ನು ಬೀಳಿಸುತ್ತದೆ. ಕೆಂಪು, ಕಪ್ಪು ಬಣ್ಣದ ಆಸೆಯನ್ನೂ ಬಿಡಿ. ಮೇ ತಿಂಗಳಲ್ಲಿ ಬರಿಗಾಲಲ್ಲಿ ಕಪ್ಪು ಅಂಗಳ ದಾಟಿದವರಿಗೆ ವಿವರಿಸಬೇಕಿಲ್ಲ. ಸಿಮೆಂಟಿನ ತಿಳಿ ಬೂದಿಯೇ ಚೆನ್ನ.

ನೀರು ಉಣಿಸುವುದು

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪೈಪು ಹಿಡಿದು ತೋಯಿಸುವುದಕ್ಕೆ ಜನ ಕ್ಯೂರಿಂಗ್ ಅನ್ನುತ್ತಾರೆ. ಹನ್ನೊಂದಕ್ಕೆ ಒಣಗಿ ಬಿಳಿಚುವ ಹಾಸು ಮತ್ತೆ ಆರಕ್ಕೆ ತೋಯುವವರೆಗೆ ಉಪವಾಸ. ನಡುವೆ ಒಣಗಗೊಡಲೇಬಾರದು. ಐಎಸ್ 456 ಒಣ, ಬಿಸಿ ಹವೆಗೆ ಕನಿಷ್ಠ 10 ದಿನ ಹೇಳುತ್ತದೆ. ಪಿಪಿಸಿ, ಸ್ಲ್ಯಾಗ್ ಸಿಮೆಂಟಿಗೆ ಅದನ್ನು 14ಕ್ಕೆ ಏರಿಸುವುದು ಒಳ್ಳೆಯದು ಎನ್ನುತ್ತದೆ. ನಾನು 14 ಅನ್ನುತ್ತೇನೆ, ಚೌಕಾಸಿ ಇಲ್ಲ.

ಛಾವಣಿಗೆ ಮಾಡುವಂತೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸೋಣವೆಂದರೆ ಅಂಗಳಕ್ಕೆ ಇಳಿಜಾರಿದೆ, ಮೇಲ್ತುದಿ ಒಣಗೇ ಉಳಿಯುತ್ತದೆ. ಗೋಣಿ ತಟ್ಟೇ ಸರಿ. ಎರಡು ಪದರ ಹಾಸಿ, ತೋಯಿಸಿ, ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಇಟ್ಟಿಗೆ ಇಡಿ. ಹೀಗಾದರೆ ನೀರೂ ಕಮ್ಮಿ ಸಾಕು, ಟ್ಯಾಂಕರ್ ಕೊಳ್ಳುವವರಿಗೆ ಇದು ದೊಡ್ಡ ಮಾತು. ಮಧ್ಯಾಹ್ನ ಮೂರಕ್ಕೆ ಹೊದಿಕೆ ಎತ್ತಿ ಗೋಣಿಯನ್ನು ಹಿಂಡಿ ನೋಡಿ, ನೀರು ಇಳಿಯಬೇಕು. ಸಕ್ಕರೆ, ಗೊಬ್ಬರ ತುಂಬಿದ್ದ ಚೀಲಗಳನ್ನು ಮೊದಲು ಚೆನ್ನಾಗಿ ತೊಳೆಯಿರಿ. ಸಕ್ಕರೆ ತಾಗಿದ ಎಳೆ ಕಾಂಕ್ರೀಟ್ ಸರಿಯಾಗಿ ಬಿಗಿಯುವುದಿಲ್ಲ.

ಮರುದಿನದಿಂದ ನಡೆಯಬಹುದು, ಅದೂ ಗೋಣಿ ಬದಲಿಸಲು ಮಾತ್ರ. ಬೈಕು, ಕುರ್ಚಿ, ಹೂಕುಂಡಗಳಿಗೆ 14 ದಿನ. ಕಾರು ನಿಲ್ಲಿಸುವ ಯೋಚನೆ ಇದ್ದರೆ ದಪ್ಪ ಮೊದಲೇ 5 ಇಂಚು ಮಾಡಿ, 28 ದಿನ ಕಾಯಿರಿ. ಗರಸು ಉಳಿದಿದೆ ಎಂದು ಅದನ್ನು ಒಯ್ಯಲು ಟ್ರ್ಯಾಕ್ಟರನ್ನು ಅಂಗಳದ ಮೇಲೆ ಹಿಂದಕ್ಕೆ ತರುವವರಿದ್ದಾರೆ. ಬಾಗಿಲಲ್ಲೇ ತಡೆದು ಬುಟ್ಟಿಯಲ್ಲಿ ಹೊರಿಸಿ.