ದಾಲ್ ಮಿಲ್ಲಿನ ಮೋಟಾರಿಗೆ ಏಕತಾರಿ ಕೂಡಿಸಿದೆವು

ಕಲಬುರಗಿಯ ದಾಲ್ ಮಿಲ್ಲಿನಲ್ಲಿ ತೆಗೆದ ನಮ್ಮ 70 ನಿಮಿಷದ ಸಿನಿಮಾದಲ್ಲಿ ಸಂಗೀತ ಇರುವುದು ಹೆಚ್ಚೆಂದರೆ 11 ನಿಮಿಷ. ಒಂದು ಏಕತಾರಿ, ಒಂದು ದನಿ, ಅಷ್ಟೇ. "ಇಷ್ಟರಲ್ಲಿ ಸಿನಿಮಾ ನಿಲ್ಲಲ್ಲ" ಅಂತ ಎಡಿಟರ್ ಗೆಳೆಯ ಕೊನೇ ವಾರದವರೆಗೂ ಹೇಳುತ್ತಿದ್ದ. ಈಗ ನೋಡಿದವರು ಮೊದಲು ಕೇಳುವುದೇ ಆ ಏಕತಾರಿ ಬಗ್ಗೆ.

ಅದಕ್ಕೂ ಮುಂಚೆ ದುಡ್ಡು ಚೆನ್ನಾಗಿಯೇ ಹೋಯಿತು. ಎಡಿಟಿಂಗ್ ನಡೆಯುವಾಗ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಟೆಂಪ್ ಟ್ರ್ಯಾಕ್ ಅಂತ ವಯಲಿನ್ ಸಂಗೀತ ಹಾಕಿಕೊಂಡಿದ್ದೆವು. ಎರಡು ತಿಂಗಳು ಕೇಳಿ ಕೇಳಿ ಅದೇ ಬೇಕು ಅನ್ನಿಸಿಬಿಟ್ಟಿತು. ಬೆಂಗಳೂರಿನ ಒಬ್ಬರು 80 ಸಾವಿರದ ಹತ್ತಿರ ಹೇಳಿದರು. ಸಿನಿಮಾದ ಒಟ್ಟು ಖರ್ಚೇ ಆರು ಲಕ್ಷ ಚಿಲ್ಲರೆ! ಅದನ್ನು ಬಿಟ್ಟು, ಲೈಬ್ರರಿ ಟ್ರ್ಯಾಕ್‌ಗಳಿಗೆ, ಅಂದರೆ ರೆಡಿಮೇಡ್ ಸಂಗೀತಕ್ಕೆ, 20-22 ಸಾವಿರ ಸುರಿದೆ. ತೊಗರಿ ಚೀಲ ಹೊರುವ ಹಮಾಲನ ಮುಖದ ಮೇಲೆ ಅವು ಜಾಹೀರಾತಿನ ಹಾಗೆ ಕೇಳಿಸಿದವು. ಒಂದೂ ಉಳಿಯಲಿಲ್ಲ.

ಆಮೇಲೆ ತತ್ವಪದ ಹಾಡುವ ಮುತ್ಯಾ (ಅಜ್ಜ) ಒಬ್ಬರನ್ನು ಕರೆಸಿದೆ. ಹಳೆಗಾಲದ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದ. ಬರೆದವರು ತೀರಿ 60 ವರ್ಷ ದಾಟಿದರೆ ಸಾಹಿತ್ಯಕ್ಕೆ ಕಾಪಿರೈಟ್ ತಕರಾರಿಲ್ಲ. ಯಾರದೋ ರೆಕಾರ್ಡಿಂಗ್ ಎತ್ತಿಕೊಳ್ಳುವ ಹಾಗಿಲ್ಲ ಅಷ್ಟೇ, ನಾವೇ ಹಾಡಿಸಿಕೊಂಡೆವು. ಮೊದಲು ಹಾರ್ಮೋನಿಯಂ (ಪೇಟಿ) ಜೊತೆ. ಮಿಲ್ಲಿನ ದೃಶ್ಯಕ್ಕೆ ಕೂಡಿಸಿದರೆ ಹಲ್ಲು ಜುಮ್ ಅನ್ನುವ ಹಾಗೆ ದನಿ ಅಲುಗುತ್ತಿತ್ತು. ಮುತ್ಯಾ ಒಂದೇ ಸಲ ಕೇಳಿ, "ಪೇಟಿ ಮಿಷನ್ನಿಗಿ ಕೂಡವಲ್ದು ತಮ್ಮಾ" ಅಂದರು.

ಆಗ ಹೊಳೆಯಿತು. ಕರೆಂಟು 50 ಹರ್ಟ್ಸ್, ಮೋಟಾರಿನ ಗುಂಯ್ ಅನ್ನುವ ದನಿ 100 ಹರ್ಟ್ಸ್. ಪೇಟಿಯ ಬಿಳಿ ಐದು, ಅಂದರೆ ಐದನೇ ಬಿಳಿ ಮನೆ, ಕೆಳಗಿನ ಸಪ್ತಕದಲ್ಲಿ 98. ಸುಮಾರು 35 ಸೆಂಟ್ ವ್ಯತ್ಯಾಸ (ಪೇಟಿಯ ಪಕ್ಕಪಕ್ಕದ ಎರಡು ಸ್ವರಗಳ ನಡುವೆ 100 ಸೆಂಟ್), ದನಿ ಅಲುಗುತ್ತಿದ್ದುದು ಅದಕ್ಕೇ. ಹಾಡಿಗೊಮ್ಮೆ ಪೇಟಿಯ ರೀಡ್ ತಿದ್ದುತ್ತಾ ಕೂರೋಕಾಗಲ್ಲ, ಏಕತಾರಿಯ ತಂತಿ ಬಿಗಿಯಬಹುದು ಅಲ್ವಾ? ಮೋಟಾರನ್ನೇ ಪಂಚಮ (ಪ) ಮಾಡಿಕೊಂಡೆವು. ಅದಕ್ಕೆ ಹೊಂದುವಂತೆ ಮುತ್ಯಾರ ಷಡ್ಜವನ್ನು (ಸ) ಬಿಳಿ ಒಂದಕ್ಕಿಂತ ಚೂರು ಮೇಲೆ ಇಟ್ಟೆವು. ಹೆಡ್‌ಫೋನಿನಲ್ಲಿ ಮಿಲ್ಲಿನ ಸದ್ದು ಕೇಳುತ್ತಾ ಅವರು ಹಾಡಿದರು. ಮಿಲ್ಲೇ ತಂಬೂರಿ ಆಯಿತು! ಈ ಭಾಗದಲ್ಲಿ ಯಾರೂ ಹೀಗೆ ಮಾಡಿದ್ದು ನಾನಂತೂ ಕೇಳಿಲ್ಲ. ಏಕತಾರಿಗೆ ಮೈಕ್ ಎಲ್ಲಿಟ್ಟೆ, ಬುರುಡೆಯೊಳಗೆ ಏನು ತುರುಕಿದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ.

ನಡುವೆ ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಕಲ್ಲಿನಿಂದ ದನಿ ತೆಗೆಯುವ ಹುಚ್ಚು ಹಿಡಿಯಿತು. ಬೇರೆ ಬೇರೆ ದಪ್ಪದ ಒಂಬತ್ತೋ ಹತ್ತೋ ತುಂಡು ತಂದು, ಹಗ್ಗದ ಮೇಲೆ ಇಟ್ಟು ಮರದ ಸುತ್ತಿಗೆಯಿಂದ ಬಡಿದೆ. ತೆಳುವಾದವು ಚೆನ್ನಾಗಿ ನುಡಿದವು, ದಪ್ಪದವು ಸುಮ್ನೆ ಠಕ್ ಅಂದವು. ನಾಲ್ಕು ದಿನ ಹೋಯಿತು, ಸಿಕ್ಕಿದ್ದು ಒಂದು ದೃಶ್ಯಕ್ಕೆ ಏಳೆಂಟು ಸೆಕೆಂಡು. ಅದು ನನಗೆ ಈಗಲೂ ಬಹಳ ಇಷ್ಟ.

ಸಿನಿಮಾದಲ್ಲಿ ಉಳಿದ ಸಂಗೀತಕ್ಕೆ ಕೊನೆಗೆ ಆದ ಖರ್ಚು 14 ಸಾವಿರದ ಆಸುಪಾಸು. ಅದರಲ್ಲಿ ಮುತ್ಯಾರಿಗೆ ಕೊಟ್ಟಿದ್ದೇ ಜಾಸ್ತಿ. ಕೈಕೊಟ್ಟಿದ್ದು ಒಂದೇ ದೃಶ್ಯ. ಆವತ್ತು ಕರೆಂಟ್ ಹೋಗಿ ಜನರೇಟರ್ ಮೇಲೆ ಮಿಲ್ ಓಡಿಸಿದ್ದರು. ಲೋಡ್ ಬಿದ್ದಾಗೆಲ್ಲ ಅದರ ವೇಗ ಇಳಿದು, ಮೋಟಾರಿನ ಶ್ರುತಿಯೂ ಜಾರುತ್ತಿತ್ತು. ಅಲ್ಲಿ ಏಕತಾರಿ ತೆಗೆದು, ಮುತ್ಯಾರ ಉಸಿರಿನ ಸದ್ದಷ್ಟೇ ಇಟ್ಟೆವು.