‘ಎತ್ಕೋ’ ಅನ್ನಿಸಿಕೊಳ್ಳದೆ ಚಂದ್ರವಳ್ಳಿ

ಮೂರೂವರೆ ವರ್ಷದ್ದೊಂದು, ಆರು ವರ್ಷದ್ದೊಂದು. ಎರಡು ಮಕ್ಕಳನ್ನೂ ನಡೆಸಿಕೊಂಡೇ ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಗಳ ನಡುವೆ ಒಂದೂವರೆ ಕಿಲೋಮೀಟರ್ ಹೋಗಿಬರಬಹುದು. ‘ಕೋತಿ, ಕೆರೆ, ಗುಹೆ ಇರೋ ಕಡೆ ಸಣ್ಣ ಮಕ್ಕಳನ್ನ ಕರ್ಕಂಡು ಹೋಗ್ತೀರಾ?’ ಎಂದವರೇ ಈಗ ಎಷ್ಟು ಗಂಟೆಗೆ ಹೊರಡಬೇಕು ಅಂತ ಕೇಳುತ್ತಾರೆ. ಅದಕ್ಕೂ ಮೊದಲು ಏಳೆಂಟು ಭಾನುವಾರ ಹಾಳಾಗಿವೆ.

ಕೋಟೆಯಲ್ಲಿ ಮೆಟ್ಟಿಲು ದೊಡ್ಡವರ ಅಳತೆಯವು, ರಜೆಯ ದಿನ ಜನವೋ ಜನ, ಹತ್ತು ಗಂಟೆಗೆಲ್ಲ ಬಂಡೆ ಕಾದ ಹಂಚು. ಜೋಗಿಮಟ್ಟಿ ಬೆಟ್ಟದ ಗಾಳಿ ಚೆನ್ನ, ಆದರೆ ಏರು ಮುಗಿಯುವುದೇ ಇಲ್ಲ. ಕರಡಿ, ಚಿರತೆ ಇರುವ ಕಾಡಿನಲ್ಲಿ ಮಕ್ಕಳನ್ನು ಅಡ್ಡಾಡಲು ಬಿಡುವಂತಿಲ್ಲ. ಚಂದ್ರವಳ್ಳಿಗೆ ಕೋಟೆ ಗುಡ್ಡವೇ ಪೂರ್ವಕ್ಕೆ ಅಡ್ಡ ನಿಂತಿದೆ, ಬಿಸಿಲು ತಡವಾಗಿ ಬೀಳುತ್ತದೆ. ಬೆಳಿಗ್ಗೆ ಆರೂಕಾಲಿಗೆ ಕಾಲಿಟ್ಟು ಎಂಟೂವರೆಗೆ ಗಾಡಿ ಹತ್ತಿರ ವಾಪಸ್.

ದುಡ್ಡು ದಂಡವಾದದ್ದು ಎರಡು ಕಡೆ. ಬೆನ್ನಿಗೆ ಹಾಕುವ ಮಗುಚೀಲಕ್ಕೆ ಸಾವಿರದ ಎಂಟುನೂರರ ಹತ್ತಿರ ಕೊಟ್ಟಿದ್ದು. ಅದು ಕಣ್ಣಿಗೆ ಬಿದ್ದರೆ ಸಾಕು, ಕೂಸು ಒಂದು ಹೆಜ್ಜೆ ಇಡಲ್ಲ. ಈಗ ಅಟ್ಟದ ಮೇಲಿದೆ. ಇನ್ನೊಂದು ಲೈಟ್ ಹೊತ್ತುವ ಶೂ, ಆರುನೂರು ಚಿಲ್ಲರೆ. ಇಳಿಜಾರು ಬಂಡೆಯ ಮೇಲೆ ಉದುರಿರುವ ಗರಸು ಅಂಗಾಲಡಿ ರಾಗಿಕಾಳಿನಂತೆ ಉರುಳುತ್ತದೆ, ನುಣುಪು ಅಟ್ಟೆ ಜಾರುತ್ತದೆ. ಇನ್ನೂರೈವತ್ತರ ಶಾಲೆ ಕ್ಯಾನ್ವಾಸ್ ಶೂ, ನಾಲ್ಕು ಸಲ ಹಾಕಿ ಹಳೆಯದಾದದ್ದು, ಅದಕ್ಕೆ ಸಮ ಇಲ್ಲ. ಚಪ್ಪಲಿ ಬೇಡ, ನೆಗ್ಗಿಲುಮುಳ್ಳು ಅಟ್ಟೆಯನ್ನೇ ತೂರಿ ಬರುತ್ತದೆ.

ಚಿಕ್ಕದು ಮುಂದೆ ನಡೆಯಬೇಕು. ಕೈ ಹಿಡಿದು ನಮ್ಮ ಹಿಂದೆ ಎಳೆದುಕೊಂಡು ಹೋದರೆ ಹತ್ತೇ ನಿಮಿಷಕ್ಕೆ ‘ಎತ್ಕೋ’ ಶುರು. ಕೆರೆ ದಂಡೆಯಲ್ಲಿ ಮಾತ್ರ ನೀರಿನ ಕಡೆ ದೊಡ್ಡವರು, ಬಂಡೆಯ ಕಡೆ ಮಕ್ಕಳು. ದಣಿದ ಮೇಲೆ ಕೂರಿಸಿದರೆ ಏಳುವುದಿಲ್ಲ. ಹನ್ನೆರಡು ನಿಮಿಷಕ್ಕೊಮ್ಮೆ, ದಣಿವಿಗೆ ಮುಂಚೆಯೇ ಕೂರಿಸಬೇಕು. ಇಬ್ಬರಿಗೂ ಸೇರಿ ಒಂದು ಲೀಟರ್ ನೀರು ಸಾಕು. ವಾಪಸ್ ತಿರುಗುವಾಗಿನ ಹಠಕ್ಕೂ ಒಂದು ಉಪಾಯ ಇದೆ, ಒಂದು ಬಂಡೆಗೆ ಸಂಬಂಧಪಟ್ಟದ್ದು. ಯಾವ ಬಂಡೆ ಅಂತ ಹೇಳಿದರೆ ಮುಂದಿನ ವಾರ ಅಲ್ಲಿ ಬೇರೆಯವರು ಕೂತಿರುತ್ತಾರೆ, ಆದ್ದರಿಂದ ಬೇಡ.

ಮಂಡಕ್ಕಿ ಪ್ಲಾಸ್ಟಿಕ್ ಕವರಿನಲ್ಲಿ ಒಯ್ದರೆ ಕೆಟ್ಟಿರಿ. ಪರಪರ ಸದ್ದಿಗೆ ಅರ್ಧ ನಿಮಿಷದಲ್ಲಿ ಕೋತಿ ಹಾಜರು. ಸ್ಟೀಲ್ ಡಬ್ಬಿ, ಅದೂ ಗಾಡಿಯಲ್ಲೇ ಇರಲಿ, ಮುಗಿದ ಮೇಲೆ ತಿನ್ನಲಿಕ್ಕೆ. ದಾರಿಗೆ ಜೇಬಿನಲ್ಲಿ ಒಣದ್ರಾಕ್ಷಿ. ಬಂಡೆಗೆ ಹೆಜ್ಜೇನು ಕಟ್ಟಿದ್ದರೆ ಆ ದಾರಿಯನ್ನೇ ಬಿಡಿ.

ಅಂಕಲಿ ಮಠದ ಗುಹೆಯಲ್ಲಿ ಟಾರ್ಚು ಮಗುವಿನ ಕೈಯಲ್ಲಿರಬೇಕು. ಹಿಂದಿನಿಂದ ನಾವು ಮೊಬೈಲ್ ಹಿಡಿದರೆ ಮಗುವಿನ ನೆರಳು ಅದರ ಕಾಲ ಮುಂದೆಯೇ ಬಿದ್ದು, ಮೆಟ್ಟಿಲು ಕಾಣದೆ ಅಳುತ್ತದೆ. ಮೊದಲ ಕೋಣೆ ಸಾಕು. ಹುಲಿಗೊಂದಿ ಭೈರವೇಶ್ವರ ಗುಡಿಯ ಪಕ್ಕದ ಬಂಡೆಯಲ್ಲಿ ಕದಂಬರ ರಾಜ ಮಯೂರಶರ್ಮನ ಶಾಸನ ಇದೆ, 4ನೇ ಶತಮಾನದ್ದು, ಪ್ರಾಕೃತ ಭಾಷೆಯದು. ಪ್ರಾಕೃತ ಗೀಕೃತ ಮಕ್ಕಳಿಗೆ ಬೇಡ. ‘ರಾಜ ಕೆರೆ ಕಟ್ಟಿಸಿ ಕಲ್ಲಲ್ಲಿ ಬರೆಸಿದ’ ಎಂದರೆ ಮುಟ್ಟುತ್ತದೆ. 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆಸಿದ ನೆಲ ಇದು, ರೋಮನ್ ನಾಣ್ಯ ಸಿಕ್ಕ ಜಾಗ. ಮಕ್ಕಳು ಹಳೇ ಮಡಕೆಯ ಬೋಕಿ ಚೂರು ಆರಿಸಿದರೆ ಅಲ್ಲೇ ಇಡಿಸಿ.

ನಡಿಗೆಗೆ ಸಂಬಂಧವಿಲ್ಲದ ಒಂದು ಪ್ರಯೋಗ: ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ಸಣ್ಣ ಕವರಿನಲ್ಲಿ ಹಾಕಿ, ಒಣಗಿದ ಹಳ್ಳದ ಮರಳಿನಲ್ಲಿ ಎಳೆದರೆ ಕರಿಮರಳು ಮುಳ್ಳುಹಂದಿಯಂತೆ ನಿಮಿರಿಕೊಳ್ಳುತ್ತದೆ. ಅಯಸ್ಕಾಂತವನ್ನು ಕವರಿನಿಂದ ಹೊರಗೆಳೆದರೆ ಅಷ್ಟೂ ಉದುರುತ್ತದೆ. ಮೊದಲ ಸಲ ಕವರಿಲ್ಲದೆ ಎಳೆದದ್ದಕ್ಕೆ ಅಂಟಿದ ಕಣ ಇನ್ನೂ ಬಿಟ್ಟಿಲ್ಲ. ಮಕ್ಕಳು ಇದಕ್ಕೇ ಕಾಲು ಗಂಟೆ ತೆಗೆದುಕೊಳ್ಳುತ್ತಾರೆ, ಆ ಹೊತ್ತನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಆಷಾಢದ ಗಾಳಿಗೆ ಛತ್ರಿ ತಿರುಚಿಕೊಳ್ಳುತ್ತದೆ, ಗದ್ದಕ್ಕೆ ದಾರ ಕಟ್ಟುವ ಟೋಪಿ ಇರಲಿ. ಈಗ ಒಂದು ಸಲಕ್ಕೆ ಪೆಟ್ರೋಲ್ ಮಂಡಕ್ಕಿ ಸೇರಿ ಎಂಬತ್ತು ರೂಪಾಯಿ ಆಗಬಹುದು. ಮಳೆ ಬಿದ್ದ ಮಾರನೇ ದಿನ ಮಾತ್ರ ಬೇಡ, ನೆರಳಿನ ಬಂಡೆಗಳ ಮೇಲೆ ಪಾಚಿ ಇರುತ್ತದೆ.