ಐರ್ಲೆಂಡಿಗೆ ಬಂದ ಹೊಸಬರಿಗೆ: ಬೆಟ್ಟ ಚಿಕ್ಕದು ಅಂತ ನಗಬೇಡಿ

ಐರ್ಲೆಂಡಿನ ಅತಿ ಎತ್ತರದ ಬೆಟ್ಟ ಕೆರ್ರಿಯ ಕ್ಯಾರನ್‌ಟೂಹಿಲ್. ಎತ್ತರ 1,038 ಮೀಟರ್. ಇದನ್ನು ಕೇಳಿದ ಕೂಡಲೇ ಚಿಕ್ಕಮಗಳೂರಿನವರಿಗೆ ನಗು ಬರುತ್ತೆ, ಅವರ ಊರೇ ಅದಕ್ಕಿಂತ ಮೇಲಿದೆಯಲ್ಲ! ವಿಕ್ಲೋದ ಲಗ್ನಕ್ವಿಲ್ಲಾ 925 ಮೀಟರ್, ಹೆಚ್ಚುಕಮ್ಮಿ ಬೆಂಗಳೂರಿನಷ್ಟು. "ಮುಳ್ಳಯ್ಯನಗಿರಿ ನೋಡಿದವರಿಗೆ ಇದೇನು ಮಹಾ" ಅಂತ ಜೀನ್ಸ್ ಹಾಕಿಕೊಂಡು ಹೊರಡುವ ನಮ್ಮವರು ಪ್ರತಿ ಬೇಸಿಗೆಯಲ್ಲೂ ಸಿಗುತ್ತಾರೆ. ನಾನೂ ಅದೇ ಜಾತಿಯವನು.

ಮುಳ್ಳಯ್ಯನಗಿರಿಯಲ್ಲಿ ಗಾಡಿ ಮೆಟ್ಟಿಲ ಬುಡದವರೆಗೂ ಹೋಗುತ್ತೆ. ಇಲ್ಲಿ ಕ್ಯಾರನ್‌ಟೂಹಿಲ್ ಬುಡದ ಕ್ರೋನಿನ್ಸ್ ಯಾರ್ಡ್‌ನಲ್ಲಿ ಕಾರು ನಿಲ್ಲಿಸಿದಾಗ ನೀವಿರೋದು ಸಮುದ್ರಮಟ್ಟದಿಂದ ಸುಮಾರು 150 ಮೀಟರ್ ಮೇಲೆ. ಮಿಕ್ಕಿದ್ದೆಲ್ಲ ಕಾಲಿನ ಪಾಲು. ಮೆಟ್ಟಿಲಿಲ್ಲ, ಮಂಟಪವಿಲ್ಲ, ಮಜ್ಜಿಗೆ ಮಾರುವವರಿಲ್ಲ. ಹಸಿರು ಹುಲ್ಲು ಅಂತ ಕಾಲಿಟ್ಟರೆ ಮೊಣಕಾಲವರೆಗೆ ಕೆಸರು. ಜೀನ್ಸ್ ಒಮ್ಮೆ ನೆನೆದರೆ ಮುಗೀತು: ತೊಡೆಗೆ ಅಂಟಿಕೊಂಡು, ಗಾಳಿ ಬೀಸಿದಾಗೆಲ್ಲ ಮಂಜುಗಡ್ಡೆ ಕಟ್ಟಿದ ಹಾಗಾಗುತ್ತೆ. ಜುಲೈನಲ್ಲೂ ಅಷ್ಟೇ.

ಜಾಸ್ತಿ ಜನ ಡೆವಿಲ್ಸ್ ಲ್ಯಾಡರ್ ಅನ್ನುವ ಕಡಿದಾದ ಕೊರಕಲಲ್ಲಿ ಹತ್ತುತ್ತಾರೆ. ಅಲ್ಲಿ ಕಲ್ಲುಗಳು ಸಡಿಲ. ಮೇಲಿನವರ ಕಾಲಿಂದ ಜಾರಿದ ಕಲ್ಲು ಕೆಳಗಿನವರ ತಲೆಗೆ. ಇಳಿಯುವಾಗಂತೂ ಆ ದಾರಿ ಬೇಡವೇ ಬೇಡ, ಪಕ್ಕದ ಝಿಗ್ ಝಾಗ್ಸ್ ಅನ್ನುವ ಅಂಕುಡೊಂಕು ದಾರಿ ಹಿಡಿಯಿರಿ. ಸುತ್ತು, ಆದರೆ ಮಂಡಿ ಉಳಿಯುತ್ತೆ. ತುದಿಯಲ್ಲಿ ದೊಡ್ಡ ಉಕ್ಕಿನ ಶಿಲುಬೆ ಇದೆ. 2014ರಲ್ಲಿ ಯಾರೋ ಕತ್ತರಿಸಿ ಬೀಳಿಸಿದ್ದರು, ಊರಿನವರು ಮತ್ತೆ ನಿಲ್ಲಿಸಿದರು. ಮೋಡ ಮುಚ್ಚಿದಾಗ ಅದೂ ಹತ್ತು ಹೆಜ್ಜೆ ದೂರದಿಂದ ಕಾಣಿಸಲ್ಲ. ದಿಕ್ಕು ತಪ್ಪಿದರೆ ಪ್ರಪಾತ. ನಕ್ಷೆ, ದಿಕ್ಸೂಚಿ ಇಲ್ಲದೆ ಫೋನ್ ಒಂದನ್ನೇ ನಂಬಿ ಹೋಗಬೇಡಿ.

ಲಗ್ನಕ್ವಿಲ್ಲಾ ಪಕ್ಕದ ಗ್ಲೆನ್ ಆಫ್ ಇಮಾಲ್‌ನಲ್ಲಿ ಸೈನ್ಯದವರು ಫಿರಂಗಿ ಅಭ್ಯಾಸ ಮಾಡುತ್ತಾರೆ. ಕೆಂಪು ಬಾವುಟ ಕಂಡರೆ ಸುಮ್ನೆ ವಾಪಸ್ ಬನ್ನಿ. ಇನ್ನೊಂದು ಬೆಟ್ಟ ಸ್ಲೀವ್ ಡೊನಾರ್ಡ್ ಇರೋದು ಉತ್ತರ ಐರ್ಲೆಂಡಿನಲ್ಲಿ, ಅಂದರೆ ಯುಕೆಗೆ ಸೇರಿದ ಭಾಗದಲ್ಲಿ. ದಾರಿಯಲ್ಲಿ ಗಡಿ ಕಾಣದಿದ್ದರೂ ಭಾರತದ ಪಾಸ್‌ಪೋರ್ಟ್‌ಗೆ ಯುಕೆ ವೀಸಾ ಬೇಕು.

ಮೇಯೋದ ಕ್ರೋ ಪ್ಯಾಟ್ರಿಕ್ ಎತ್ತರದಲ್ಲಿ ಇವಕ್ಕೆ ಸಮವಲ್ಲ, 764 ಮೀಟರ್ ಅಷ್ಟೇ. ಆದರೂ ಅದು ಇಲ್ಲಿನ ಕ್ರೈಸ್ತರ ಯಾತ್ರೆಯ ಬೆಟ್ಟ, ಜುಲೈ ಕೊನೆಯ ಭಾನುವಾರ ಹೋಗಿ ನೋಡಿ. ಸಾವಿರಾರು ಜನ ಹತ್ತುತ್ತಾರೆ, ಕೆಲವರು ಆ ಚೂಪು ಕಲ್ಲುಗಳ ಮೇಲೆ ಬರಿಗಾಲಲ್ಲಿ. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಕೆಳಗೇ ನಿಂತು ಕೈಮುಗಿದರು. ಚಾಮುಂಡಿ ಬೆಟ್ಟದ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತಿದವರು ಅವರು, ಯಾರೂ ಏನೂ ವಿವರಿಸಬೇಕಾಗಲಿಲ್ಲ. ಇಲ್ಲೇ ಹುಟ್ಟಿದ ಮಗಳು ಮಾತ್ರ "ಇವರು ಶೂ ಯಾಕೆ ಬಿಚ್ಚಿದ್ದಾರೆ?" ಅಂತ ಅಜ್ಜಿಯನ್ನು ಕೇಳುತ್ತಿದ್ದಳು. ಅವಳಿಗೆ ಬೆಟ್ಟ ಅಂದ್ರೆ ವಾಟರ್‌ಪ್ರೂಫ್ ಜಾಕೆಟ್ಟು, ಬೂಟು. ಹರಕೆ ಅನ್ನೋದನ್ನ ಹೇಗೆ ಹೇಳಿಕೊಡಬೇಕೋ ನನಗಂತೂ ತೋಚಲಿಲ್ಲ. ಆದರೆ ಮೋಡ ಕವಿದಾಗ ನಕ್ಷೆ ಓದೋದು ಅವಳೇ, ಹಿಂದೆ ನಡೆಯೋದು ನಾವು.

ಮಕ್ಕಳಿದ್ದರೆ ಡಬ್ಲಿನ್ ಹತ್ತಿರದ ಶುಗರ್ ಲೋಫ್‌ನಿಂದ ಶುರು ಮಾಡಿ, 501 ಮೀಟರ್. ಬುತ್ತಿಗೆ ಪುಳಿಯೋಗರೆ ಬೇಡ. ಮೇಲೆ ಬೆರಳು ಮರಗಟ್ಟಿ ಡಬ್ಬಿ ಮುಚ್ಚಳವೇ ಬರಲ್ಲ. ಪಲ್ಯ ಸುತ್ತಿದ ಚಪಾತಿ ವಾಸಿ. ಏನಾದರೂ ಆದರೆ 112ಕ್ಕೆ ಕರೆ ಮಾಡಿ ಮೌಂಟನ್ ರೆಸ್ಕ್ಯೂ ಕೇಳಿ. ಬರುವವರು ಸ್ವಯಂಸೇವಕರು, ದುಡ್ಡು ಕೇಳಲ್ಲ. ಎದುರಾದವರು ಮಾತಾಡಿಸದೆ ಹೋಗುವುದಿಲ್ಲ, ನೀವೂ ತಲೆ ತಗ್ಗಿಸಿಕೊಂಡು ಹೋಗಬೇಡಿ. ಮೇಲೆ ಗಾಳಿ ಹೇಗಿದೆ ಅಂತ ಕೇಳಿ. ಅವರು ಮುಖ ಕಿವುಚಿದರೆ ಅರ್ಧಕ್ಕೇ ಇಳಿಯಿರಿ.